ಕ್ರೇನ್ ಏರಿ ಬಂದ ಕಾಗದದ ಹೂ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಡಿಪೊದ ಮೊದಲ ಬಸ್ಸುಗಳು ಕೆಮ್ಮುತ್ತ, ಹೊಗೆ ಉಗುಳುತ್ತ ಎಚ್ಚರಗೊಳ್ಳುತ್ತಿವೆ. ಬಸ್ಸು ತೊಳೆಯುವ ಕಟ್ಟೆಯ ಆಚೆ, ಕಾಂಪೌಂಡಿಗೆ ಅಂಟಿಕೊಂಡ ಮಣ್ಣಿನ ಪಟ್ಟಿಯಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು ತೋರುಬೆರಳನ್ನು ಗಿಡದ ಬುಡಕ್ಕೆ ಪೂರ್ತಿ ಇಳಿಸಿದ್ದಾರೆ. ಹೊರಗೆಳೆದು ನೋಡುತ್ತಾರೆ, ಮೂಸುತ್ತಾರೆ. ಬೆರಳಿಗೆ ಹಸಿ ಮಣ್ಣು ಮೆತ್ತಿದೆ. “ಇವತ್ತು ಇವಳಿಗೆ ಉಪವಾಸ,” ಎಂದು ನೀರಿನ ಪೈಪನ್ನು ಸುತ್ತಿಡುತ್ತಾರೆ.

ಈ ಅಭ್ಯಾಸದಿಂದಲೇ ಅವರು ಡಿಪೊಗೆಲ್ಲ ಬೆರಳಕ್ಕ. ಸೇರಿದ್ದು ಬಸ್ಸಿನೊಳಗೆ ಕಸ ಗುಡಿಸುವ ಕೆಲಸಕ್ಕೆ. ಹದಿನೇಳು ವರ್ಷಗಳ ಹಿಂದೆ ಒಂದು ಸೀಟಿನ ಕೆಳಗೆ ಒದ್ದೆ ಬಟ್ಟೆ ಸುತ್ತಿದ ಕಡ್ಡಿಯೊಂದು ಸಿಕ್ಕಿತು. ಮರೆತುಹೋದವರು ಕೇಳಿಕೊಂಡು ಬರುತ್ತಾರೇನೋ ಎಂದು ಎರಡು ದಿನ ಕಾದರು. ಯಾರೂ ಬರಲಿಲ್ಲ. ಡೀಸೆಲ್ ಪಂಪಿನ ಪಕ್ಕ ಊರಿದರು. ಅದೇ ಬೆಳೆದು ಆಳೆತ್ತರ ಮೀರಿದ ಬೋಗನ್‌ವಿಲ್ಲಾ ಆಯಿತು. ಎಣ್ಣೆ, ಮಸಿ, ಹಳೇ ಟೈರುಗಳ ಆ ಸಾಮ್ರಾಜ್ಯದಲ್ಲಿ ಕಣ್ಣಿಗೆ ತಂಪೆನ್ನುವುದು ಅದೊಂದೇ. ಊರಿಗೆಲ್ಲ ಅದು ಕಾಗದದ ಹೂ, ಇವರ ಬಾಯಲ್ಲಿ ಮಾತ್ರ ‘ಇವಳು’.

ಹೋದ ವರ್ಷ ಪಂಪು ದೊಡ್ಡದು ಮಾಡಬೇಕೆಂದಾಯಿತು, ಗಿಡ ಕಡಿಯಿರಿ ಎಂದಾಯಿತು. ಬೆರಳಕ್ಕ ಮ್ಯಾನೇಜರ ಕೋಣೆಯ ಬಾಗಿಲಲ್ಲಿ ನಿಂತು, ಕಾಂಪೌಂಡ್ ಪಕ್ಕದ ಪಟ್ಟಿಗೆ ಗಿಡ ಸಾಗಿಸುತ್ತೇನೆ ಎಂದು ಹಟ ಹಿಡಿದರು. ಇಡೀ ಡಿಪೊದಲ್ಲಿ ಮಣ್ಣು ಉಳಿದಿದ್ದ ಜಾಗ ಅದೊಂದೇ. ಮ್ಯಾನೇಜರ್ ಕೆಟ್ಟವರಲ್ಲ, ಬಸ್ಸು ನಿಲ್ಲಿಸಲು ಜಾಗವಿಲ್ಲದೆ ತಲೆ ಕೆಟ್ಟವರು. “ಆಯ್ತಮ್ಮ, ಸಾಗ್ಸು. ಅಲ್ಲಿ ನೆಟ್ಟು ಒಂದು ತಿಂಗಳಲ್ಲಿ ಚಿಗುರಲಿಲ್ಲ ಅಂದ್ರೆ ಆ ಪಟ್ಟಿಗೂ ಸಿಮೆಂಟು ಹಾಕಿಸ್ತೀನಿ,” ಎಂದರು. ಗಿಡ ಸತ್ತರೆ ಮಣ್ಣೂ ಹೋಯಿತು ಎಂದರ್ಥ.

“ಮೊದಲು ಒಂದ್ಸಲ ಮನೆ ಬದಲಾಯಿಸುವಾಗ ಇಂಥದ್ದೇ ಗಿಡ ಕಿತ್ತು ಕೈ ಸುಟ್ಕೊಂಡಿದ್ದೆ,” ಎನ್ನುತ್ತಾರೆ ಬೆರಳಕ್ಕ. “ಬೇರಿನ ಸುತ್ತ ಇದ್ದ ಮಣ್ಣೆಲ್ಲ ಉದುರಿಹೋಯ್ತು. ವಾರದಲ್ಲಿ ಕಡ್ಡಿ. ಈ ಗಿಡಕ್ಕೆ ಹೊರಗೆ ಮುಳ್ಳಿನ ಜಂಬ, ಒಳಗೆ ಬೇರು ಮಾತ್ರ ಕೂದಲಷ್ಟು ನಾಜೂಕು.”

ಆದ್ದರಿಂದ ಈ ಸಲ ಅವಸರವಿಲ್ಲ. ಪಂಪಿನ ಕೆಲಸಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಬುಡದ ಸುತ್ತ ಅರ್ಧ ಸುತ್ತು ಅಗೆದು ದೂರದ ಬೇರು ಕತ್ತರಿಸಿದರು, ತಿಂಗಳು ಬಿಟ್ಟು ಉಳಿದರ್ಧ. ಬುಡದ ಹತ್ತಿರವೇ ಹೊಸ ಬೇರು ಒಡೆಯಲಿ ಎಂದು. ಕೊಂಬೆಗಳನ್ನು ಸೊಂಟದೆತ್ತರಕ್ಕೆ ಸವರಿದರು. ಸೂರ್ಯ ಹುಟ್ಟುವ ಕಡೆಯ ಕೊಂಬೆಗೆ ಕೆಂಪು ಚಿಂದಿ ಕಟ್ಟಿದರು. ಹೊಸ ಜಾಗದಲ್ಲೂ ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಬೇಕಂತೆ. “ಇಷ್ಟು ವಯಸ್ಸಾದ ಗಿಡ ಎಲ್ಲಿ ಹೊಸ ಮನೆಗೆ ಹೊಂದ್ಕೊಳ್ಳುತ್ತೆ?” ಎಂದು ಮೆಕ್ಯಾನಿಕ್ಕುಗಳು ಮೂಗು ಮುರಿದರು. “ನಾನು ಹೊಂದ್ಕೊಂಡಿಲ್ವಾ ನಿಮ್ಮ ಜೊತೆ?” ಎಂದರು ಇವರು.

ಎತ್ತುವ ದಿನ ಒದಗಿದ್ದು ಇವರ ಸ್ವಂತ ಅಣ್ಣ. ಕೆಟ್ಟು ನಿಂತ ಬಸ್ಸುಗಳನ್ನು ಎಳೆದು ತರುವ ಕ್ರೇನಿನ ಡ್ರೈವರ್ ಅವರು. ಬೇರಿನ ಉಂಡೆಗೆ ಒದ್ದೆ ಗೋಣಿ ಸುತ್ತಿ, ಹಳೇ ಟೈರಿನ ಟ್ಯೂಬು ಬಿಗಿದು ಕೊಕ್ಕೆಗೆ ಸಿಕ್ಕಿಸಿದರು. ಜೀವಮಾನವಿಡೀ ಕಬ್ಬಿಣ ಎತ್ತಿದ ಕ್ರೇನು ಅಂದು ಮಗುವನ್ನು ಎತ್ತಿದಂತೆ ಎತ್ತಿತು. ಡಿಪೊ ಕೆಲಸ ಬಿಟ್ಟು ನಿಂತು ನೋಡಿತು. ಹಿಡಿ ಮಣ್ಣೂ ಉದುರಲಿಲ್ಲ.

ಆದರೂ ಹದಿನೈದು ದಿನ ಕಳೆಯುವಷ್ಟರಲ್ಲಿ ತುದಿಗಳು ಕಪ್ಪಾದವು. ಬೆರಳು ಇಳಿಸಿದರೆ ಮಣ್ಣು ಕೆಸರು, ಮೂಸಿದರೆ ಹುಳಿ ವಾಸನೆ. ನೆಟ್ಟ ದಿನ ಬಿಟ್ಟರೆ ಇವರು ನೀರು ಹಾಕಿಯೇ ಇಲ್ಲ! ಮತ್ತೆ ಯಾರು? ಬೆರಳಕ್ಕ ಒಂದು ಸಂಜೆ ತೊಳೆಯುವ ಕಟ್ಟೆಯ ಹಿಂದೆ ಕಾದು ಕೂತರು. ಪಾಳಿ ಮುಗಿಸಿ ಬಂದ ಡ್ರೈವರು, ಕಂಡಕ್ಟರುಗಳು ಒಬ್ಬೊಬ್ಬರಾಗಿ ಬಂದು, ಅತ್ತಿತ್ತ ನೋಡಿ, ಬಾಟಲಿಯಲ್ಲಿ ಉಳಿದ ನೀರನ್ನು ಬುಡಕ್ಕೆ ಸುರಿದು ಹೋಗುತ್ತಿದ್ದಾರೆ. ಪಾಪ, ಬಡವಾಗಿದೆ, ಕುಡಿಯಲಿ ಎಂದು! ಕೊನೆಗೆ ಬಂದವರು ಅಣ್ಣ. ಅವರ ಕೈಯಲ್ಲಿ ಬಾಟಲಿಯಲ್ಲ, ಬಕೆಟ್ಟು.

“ಅಣ್ಣಾ, ನೀನೇ ಎತ್ತಿ ತಂದು ನೀನೇ ಮುಳುಗಿಸ್ತಿದೀಯಲ್ಲೋ!” ಎಂದು ಎಲ್ಲರೆದುರು ಬೈದದ್ದು ಇಂದಿಗೂ ಡಿಪೊದ ಮೆಚ್ಚಿನ ಕಥೆ. ಅಣ್ಣ ತಲೆ ಕೆರೆದುಕೊಳ್ಳುತ್ತಾರೆ: “ಪ್ರೀತಿ ಕಣಮ್ಮ, ಏನ್ ಮಾಡೋದು.” ಅತಿಯಾದರೆ ಅಮೃತವೂ ವಿಷ ಎನ್ನುವುದು ಸುಳ್ಳಲ್ಲ.

ಅದೇ ಸಂಜೆ ಬೆರಳಕ್ಕ ಗುಂಡಿಯ ಪಕ್ಕ ಕಾಲುವೆ ತೆಗೆದು ಇಟ್ಟಿಗೆ ಚೂರು ತುಂಬಿದರು, ಕಟ್ಟಿದ ನೀರು ಬಸಿದುಹೋಗಲಿ ಎಂದು. ಬಾಟಲಿ ಖಾಲಿ ಮಾಡಲು ಒಂದು ಡ್ರಮ್ಮು ಇಟ್ಟರು. ಆಮೇಲೆ ಕಾಯುವುದೇ ಕೆಲಸ. ದಿನಾ ಉಗುರಿನಿಂದ ತೊಗಟೆ ಗೀರಿ ನೋಡುವರು. ಒಳಗೆ ಹಸಿರಿದ್ದರೆ ಜೀವವಿದೆ. ತಿಂಗಳು ಮುಗಿಯುವ ಬೆಳಗ್ಗೆ ಸಿಮೆಂಟು ಮೂಟೆ ಹೊತ್ತ ಗಾಡಿಯೂ ಮೇಸ್ತ್ರಿಯೂ ಬಂದೇಬಿಟ್ಟರು. ಬೆರಳಕ್ಕ ಮ್ಯಾನೇಜರ ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. ಚಿಂದಿ ಕಟ್ಟಿದ ಕೊಂಬೆಯ ಗಿಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚಿಗುರು. ಪಕ್ಕದಲ್ಲಿ ಇನ್ನೊಂದು, ಕೆಳಗೆ ಮತ್ತೊಂದು. ಮ್ಯಾನೇಜರ್ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಅಣ್ಣ ಓಡಿಹೋಗಿ ಕ್ರೇನಿನ ಹಾರನ್ ಒತ್ತಿದರು. ನಿಂತಿದ್ದ ಬಸ್ಸುಗಳೆಲ್ಲ ದನಿಗೂಡಿಸಿದವು. ಬೆರಳಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಮೇಸ್ತ್ರಿ ಗಾಡಿ ತಿರುಗಿಸುತ್ತಿದ್ದ. “ಬಂದ ಸಿಮೆಂಟು ಯಾಕೆ ವಾಪಸ್ ಕಳಿಸ್ತೀರಾ ಸಾರ್? ನಾಲ್ಕು ಕಂಬ ಹಾಕಿಸಿಕೊಡಿ, ಚಪ್ಪರಕ್ಕಾಗುತ್ತೆ,” ಎಂದರು ಬೆರಳಕ್ಕ, ಕಣ್ಣೊರೆಸಿಕೊಳ್ಳುತ್ತ. ಮ್ಯಾನೇಜರ್ ನಕ್ಕು ತಲೆಯಾಡಿಸಿದರು.

ಈಗ ಆ ನಾಲ್ಕು ಕಂಬಗಳ ಮೇಲೆ ಗುಲಾಬಿ ಬಣ್ಣ ಸುರಿಯುತ್ತಿದೆ. ಡ್ರೈವರುಗಳು ಬುತ್ತಿ ಬಿಚ್ಚುವುದು ಅದರ ನೆರಳಿನಲ್ಲೇ. ಬೆರಳಕ್ಕನಿಗೆ ಮುಂದಿನ ವರ್ಷ ನಿವೃತ್ತಿ. ಆಸೆ ಏನು ಎಂದು ಕೇಳಿದರೆ ಗಿಡದ ಕಡೆ ತಿರುಗುತ್ತಾರೆ.

“ಇವಳನ್ನ ಇನ್ಯಾರೂ ಅಲ್ಲಾಡಿಸದೆ ಇದ್ರೆ ಸಾಕು. ಅಕಸ್ಮಾತ್ ಅಲ್ಲಾಡಿಸಲೇಬೇಕು ಅಂತ ಬಂದ್ರೆ...” ಎಂದು, ಉಗುರಿನ ಸಂದಿಯ ಮಣ್ಣು ತೆಗೆಯುತ್ತ ಹೇಳುತ್ತಾರೆ, “ನನಗೇ ಹೇಳಿ ಕಳಿಸ್ಲಿ. ಬರ್ತೀನಿ.”