ಅಟ್ಲಾಂಟಿಕ್ ನಡುವಿನ ಸೋದರತ್ತೆ

ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಆ ವರ್ಷಗಳಲ್ಲಿ ದಿಲ್‌ಸುಖ್‌ನಗರದಲ್ಲಿ ಕಂಪ್ಯೂಟರ್ ಕಲಿಯದೆ ಉಳಿದದ್ದು ಎರಡೇ ಜೀವ: ಬಸ್ ಡಿಪೋದ ಹಿಂದಿನ ಒಂದು ಮುದಿ ಎಮ್ಮೆ ಮತ್ತು ಶಂಕ್ರಮ್ಮನ ಮಗಳು ದಾನೇಶ್ವರಿ. ಎಮ್ಮೆಯೂ ಕೋಚಿಂಗ್ ಸೆಂಟರಿನ ಕಿಟಕಿಗೆ ಕಿವಿಗೊಟ್ಟು ಅರ್ಧ ಕೋರ್ಸು ಮುಗಿಸಿತ್ತು ಎನ್ನುವವರಿದ್ದಾರೆ. ದಾನೇಶ್ವರಿ ಮಾತ್ರ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಹೋಟೆಲ್ ಕೆಲಸ ಕಲಿತು, ಚಾದರವನ್ನು ಸುಕ್ಕಿಲ್ಲದಂತೆ ಹಾಸುವುದರಲ್ಲಿ ಮೊದಲ ನಂಬರು ಬಂದು, ಪ್ರವಾಸಿ ಹಡಗೊಂದರಲ್ಲಿ ಕೋಣೆ ಒಪ್ಪ ಮಾಡುವ ಕೆಲಸಕ್ಕೆ ಹೊರಟಳು.

ಶಂಕ್ರಮ್ಮ ಸೇಡಂ ಕಡೆಯವಳು. ಮಾದಾಪುರದ ಗಾಜಿನ ಕಟ್ಟಡಗಳಿಗೆ ಸಿಮೆಂಟಿನ ಬುಟ್ಟಿ ಹೊತ್ತವಳು. ಹೈಟೆಕ್ ಊರಿನ ಅರ್ಧ ಭಾಗ ತನ್ನ ತಲೆಯ ಮೇಲಿಂದಲೇ ಮೇಲೇರಿತೆಂಬುದು ಅವಳ ನಂಬಿಕೆ.

"ಹದಿನಾಲ್ಕು ಅಂತಸ್ತು, ಅದೂ ನೀರಿನ ಮ್ಯಾಲ? ಪಾಯಾ ಯಾರ ಹಾಕ್ಯಾರ?" ಎಂದು ಕೇಳಿದ್ದಳು.

"ಪಾಯಾ ಇಲ್ಲವ್ವಾ. ತೇಲತೈತಿ."

"ಪಾಯಾ ಇಲ್ಲದ ಮನ್ಯಾಗ ನಿದ್ದಿ ಹ್ಯಾಂಗ ಬರತೈತಿ ನಿನಗ?"

ನಿದ್ದೆ ಬರುತ್ತಿತ್ತು. ನಿಜ ಹೇಳಬೇಕೆಂದರೆ ಅಲ್ಲಿ ಎಚ್ಚರವಾಗಿರುವುದೇ ಕಷ್ಟ. ಸ್ಪೇನಿನ ದಂಡೆ ಬಿಟ್ಟ ಹಡಗಿಗೆ ಅಮೆರಿಕದ ಕಡೆಯ ನೆಲ ಕಾಣಬೇಕಾದರೆ ಏಳು ದಿನ. ಅಲ್ಲಿಯವರೆಗೆ ಕಿಟಕಿ ತೆರೆದರೆ ನೀರು, ಮುಚ್ಚಿದರೆ ನೀರಿನ ಸದ್ದು. ಮೂರನೆಯ ದಿನಕ್ಕೆ ವಾರಗಳ ಹೆಸರುಗಳೇ ಮನಸ್ಸಿನಿಂದ ಕಳಚಿ ಬೀಳುತ್ತವೆ. ಅದಕ್ಕೇ ಲಿಫ್ಟಿನ ನೆಲಹಾಸಿನ ಮೇಲೆ ಈ ದಿನ ಸೋಮವಾರ, ಈ ದಿನ ಮಂಗಳವಾರ ಎಂದು ನೇಯಿಸಿ ದಿನಕ್ಕೊಂದರಂತೆ ಬದಲಿಸುತ್ತಾರೆ. ಪ್ರಯಾಣಿಕರು ಹೆಚ್ಚಾಗಿ ಮುದುಕರು. ದಿನಕ್ಕೆ ಏಳು ಸಲ ಉಂಡು, ಎಂಟನೆಯದು ತಪ್ಪಿದರೆ ಡಾಕ್ಟರನ್ನು ಕರೆಸುವ ಜನ. ದಾನೇಶ್ವರಿಯ ಪಾಲಿಗೆ ಹದಿನಾಲ್ಕು ಕೋಣೆಗಳು. ಬೆಳಗ್ಗೆ ಹಾಸಿಗೆ ಬದಲಿಸುವುದು, ಸಂಜೆ ಟವೆಲ್ ಮಡಿಚಿ ಆನೆ, ಹಂಸ, ಮಂಗ ಮಾಡಿ ಮಂಚದ ಮೇಲೆ ಕೂರಿಸುವುದು. ಒಮ್ಮೆ ಅವಳು ಮಾಡಿದ ಮೊಲಕ್ಕೆ ಒಬ್ಬ ಅಜ್ಜಿ ಗಜ್ಜರಿ ತಿನ್ನಿಸಲು ಹೋಗಿ, ಅದು ತಿನ್ನಲಿಲ್ಲವೆಂದು ದೂರು ಕೊಟ್ಟಿದ್ದಳಂತೆ.

ಪಶ್ಚಿಮಕ್ಕೆ ಸಾಗುವ ಹಡಗಿನಲ್ಲಿ ಗಡಿಯಾರ ದಿನಕ್ಕೊಂದು ತಾಸು ಹಿಂದಕ್ಕೆ ಹೋಗುತ್ತದೆ. ಇಪ್ಪತ್ತೈದು ತಾಸಿನ ದಿನ. 'ಮಲಗುವ ಮುಂಚೆ ಗಡಿಯಾರವನ್ನು ಒಂದು ತಾಸು ಹಿಂದಿಡಿ' ಎಂಬ ಚೀಟಿಯನ್ನು ಹದಿನಾಲ್ಕು ಕೋಣೆಗಳ ದಿಂಬಿನ ಮೇಲೆ ಇಡುವವಳೂ ಅವಳೇ. ಅವಳ ಕೈಗೆ ಎರಡು ಗಡಿಯಾರ: ಎಡಗೈಯದು ಹಡಗಿಗೆ, ಬಲಗೈಯದು ಹೈದರಾಬಾದಿಗೆ. ಕಸ ಹೊಡೆಯುತ್ತ ಬಲಗೈ ನೋಡಿದರೆ ಸಾಕು, ಈಗ ಅವ್ವ ರೊಟ್ಟಿ ಬಡಿಯುತ್ತಾಳೆ, ಈಗ ಅಣ್ಣ ಹುಲಗೇಶ ಸಾಫ್ಟ್‌ವೇರ್ ಮಂದಿಯನ್ನು ಗಾಡಿಯಲ್ಲಿ ತುಂಬಿಕೊಂಡು ಹೊರಟ ಎಂದು ಮನೆಯೆಲ್ಲ ಕಣ್ಣ ಮುಂದೆ ತೇಲಿ ಬರುತ್ತಿತ್ತು.

ಈ ಸಲ ಹಡಗು ಹೊರಡುವ ಮುಂಚೆಯೇ ಹುಲಗೇಶ ಫೋನಿನಲ್ಲಿ ಸುದ್ದಿ ಕೊಟ್ಟಿದ್ದ. ಅವನ ಹೆಂಡತಿ ತಾರಾ ಹೆಣ್ಣು ಹೆತ್ತಿದ್ದಾಳೆ. ಹದಿಮೂರನೆಯ ದಿನ ಸಂಜೆ ಐದಕ್ಕೆ ತೊಟ್ಟಿಲು. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಆಗಲೇ ಅತ್ತೆತನ ಪಕ್ಕಾ.

"ನೀ ಬರೋದು ಐದ ತಿಂಗಳ ಆದ ಮ್ಯಾಲ. ದೊಡ್ಡಪ್ಪನ ಮಗಳು ಪಾರ್ವತೆಮ್ಮಕ್ಕ ಅದಾಳ. ಆಕೀನ ಹೇಳ್ತಾಳ ಬಿಡು," ಎಂದ ಹುಲಗೇಶ.

"ನಾ ಸತ್ತೀನೇನು? ನಿನ್ನ ಮೊಬೈಲ್ ಕೂಸಿನ ಕಿವಿಗೆ ಹಿಡಿ. ನಾ ಇಲ್ಲಿಂದ ಹೇಳ್ತೀನಿ."

"ಐದಂದ್ರ ಐದು ಮತ್ತ. ಶಾಸ್ತ್ರ ಮಾಡೋ ಅಯ್ನೋರಿಗೆ ಕಾಚಿಗೂಡದಾಗ ಇನ್ನೊಂದು ತೊಟ್ಟಿಲೈತಿ. ನಿನ್ನ ಫೋನ್ ಬರಲಿಲ್ಲಂದ್ರ ಪಾರ್ವತೆಮ್ಮಕ್ಕ ಹೇಳಿಬಿಡ್ತಾಳ."

ಪಾರ್ವತೆಮ್ಮ ಆಗಲೇ ಏಳು ಕೂಸುಗಳ ಕಿವಿಯಲ್ಲಿ ಹೆಸರು ಊದಿದ್ದ ಅನುಭವಿ. ದಾನೇಶ್ವರಿಗೆ ಇದ್ದದ್ದು ಒಬ್ಬನೇ ಅಣ್ಣ, ಇದು ಮೊದಲ ಕೂಸು. ಸಮುದ್ರದ ಮೇಲೆ ಮೂರು ದಿನ ಅವಳು ನಲ್ಲಿ ಒರೆಸುತ್ತ ನಲ್ಲಿಗೆ, ದಿಂಬು ಕೊಡವುತ್ತ ದಿಂಬಿಗೆ 'ಕುರ್ರ್, ಸಂಯುಕ್ತಾ' ಎಂದು ಹೇಳಿ ಅಭ್ಯಾಸ ಮಾಡಿದಳು. ಆ ಹಡಗಿನಲ್ಲಿ ಸಂಯುಕ್ತಾ ಎಂಬ ಹೆಸರಿಲ್ಲದ ದಿಂಬು ಒಂದೂ ಉಳಿಯಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಹಡಗಿನಲ್ಲಿ ಒಂಬತ್ತೂವರೆ. ಬಲಗೈ ಗಡಿಯಾರದಲ್ಲಿ ನಾಲ್ಕು. ಇನ್ನೂ ಒಂದು ತಾಸಿದೆಯೆಂದು ಅವಳು ಏಳನೆಯ ಕೋಣೆಯ ಚಾದರ ಎಳೆಯುತ್ತಿದ್ದಳು. ಕಿಟಕಿಯಾಚೆ ನೀರು ಉಸಿರಾಡುತ್ತಿತ್ತು. ಪಕ್ಕದ ಕೋಣೆಗಳ ಕೆಲಸದವಳು, ಮನಿಲಾದ ಮರಿಸೆಲ್, ಬಾಗಿಲಲ್ಲಿ ನಿಂತು ತನ್ನ ಗಡಿಯಾರ ನೋಡಿದಳು.

"ನಮ್ಮಲ್ಲಿ ಸಂಜೆ ಏಳೂವರೆ. ನನ್ನ ಮಗನ ಊಟ ಆಯಿತು."

ದಿನವೂ ಹೀಗೆ ತಮ್ಮ ತಮ್ಮ ಮನೆಯ ಹೊತ್ತು ಹೇಳಿಕೊಳ್ಳುವುದು ಇಬ್ಬರ ರೂಢಿ. ಮನಿಲಾದ ಏಳೂವರೆಯಲ್ಲಿ ಎರಡೂವರೆ ತಾಸು ಕಳೆದರೆ ಹೈದರಾಬಾದಿನ ಐದು ಎಂದು ದಾನೇಶ್ವರಿಗೆ ಬಾಯಿಪಾಠ. ಅವಳ ಕೈಯಲ್ಲಿದ್ದ ಚಾದರ ಜಾರಿತು. ಹಿಂದಿನ ಸಂಜೆ ಚೀಟಿಗಳನ್ನಿಟ್ಟು ಬಂದು, ನಿದ್ದೆಗಣ್ಣಿನಲ್ಲಿ ಎಡಗೈಯ ಜೊತೆಗೆ ಬಲಗೈಯದನ್ನೂ ಒಂದು ತಾಸು ಹಿಂದೆ ತಿರುಗಿಸಿದ್ದಳು. ಇಡೀ ಹೈದರಾಬಾದು ಅವಳ ಮಣಿಕಟ್ಟಿನ ಮೇಲೆ ಒಂದು ತಾಸು ತಡವಾಗಿ ನಡೆದಿತ್ತು.

ಕಸ ಎಳೆಯುವ ಮಷೀನನ್ನು ಗುರುಗುಡುತ್ತಿದ್ದಂತೆಯೇ ಬಿಟ್ಟು ಅವಳು ಓಡಿದಳು. ಒಂಬತ್ತು ಮಹಡಿಯ ಮೆಟ್ಟಿಲುಗಳಲ್ಲಿ ಅವಳ ಕಾಲು ತಾಗಿದ್ದು ನಾಲ್ಕಕ್ಕೋ ಐದಕ್ಕೋ. ಮರಿಸೆಲ್ ಹಿಂದೆಯೇ. ಕೆಳಗೆ, ಮನೆಗೆ ಮಾತಾಡಲು ಕೆಲಸಗಾರರಿಗಿದ್ದ ಒಂದೇ ಫೋನಿನ ಮುಂದೆ ಸಾಲಿತ್ತು. ಮುಂದೆ ನಿಂತಿದ್ದವಳು ಅಡುಗೆಮನೆಯ ಜಮೈಕಾದ ಹೆಂಗಸು, ಕಂಬದಂಥ ಆಳು.

"ನನ್ನ ಅಣ್ಣನ ಕೂಸಿಗೆ ಹೆಸರಿಡಬೇಕು. ಈಗಲೇ," ಎಂದಳು ದಾನೇಶ್ವರಿ ಏದುಸಿರಿನಲ್ಲಿ.

"ಹೆಸರಿಲ್ಲದೆ ಕಾಯುತ್ತಿದೆಯಾ ಪಾಪ?" ಎಂದು ಆ ಹೆಂಗಸು ಫೋನನ್ನು ಅವಳ ಕೈಗಿತ್ತಳು.

ಆ ಕಡೆ ಎತ್ತಿದವಳು ಶಂಕ್ರಮ್ಮ. "ಎಲ್ಲಿ ಹಾಳಾಗಿ ಹೋಗಿದ್ದೆವ್ವಾ? ಐದೂ ಹತ್ತಾತು. ಅಯ್ನೋರಿಗೆ ನಾಕನೇ ಚಾ ಕುಡಿಸಾಕತ್ತೀನಿ. ಪಾರ್ವತೆಮ್ಮ ತೊಟ್ಟಿಲಕ್ಕ ಬಗ್ಗಿ ನಿಂತಾಳ, ಸೆರಗ ಹಿಡದ ಜಗ್ಗಿ ಇಟಗೊಂಡೀನಿ."

"ಕೂಸಿನ ಕಿವಿಗೆ ಹಿಡಿಯವ್ವಾ."

ಫೋನಿನಲ್ಲಿ ಬಟ್ಟೆಯ ಸರಸರ, ಬಳೆಗಳ ಸದ್ದು, ಆಮೇಲೆ ಬೆಕ್ಕಿನ ಮರಿಯದಷ್ಟು ಸಣ್ಣ ಉಸಿರು. ಅವಳ ಕಾಲ ಕೆಳಗೆ ನಾಲ್ಕು ಸಾವಿರ ಮೀಟರ್ ನೀರು. ಅದೆಲ್ಲ ಒಂದು ಗಳಿಗೆ ತೊಟ್ಟಿಲಿನ ಹಾಗೆ ಸುಮ್ಮನೆ ತೂಗಿತು.

"ಕುರ್ರ್... ಕುರ್ರ್... ಸಂಯುಕ್ತಾ."

ನಾಲ್ಕು ದಿನದಿಂದ ಈ ಶಾಸ್ತ್ರದ ಕಥೆ ಕೇಳಿದ್ದ ಮರಿಸೆಲ್ ಕಾಯಲಿಲ್ಲ. ಬೆನ್ನಿಗೊಂದು ಬಿಗಿದಳು. ಅವಳಿಂದ ವಿಷಯ ತಿಳಿದ ಜಮೈಕಾದವಳು ತೋಳೇರಿಸಿ ತಾನೂ ಗುದ್ದಿದಳು. ಆ ಗುದ್ದಿಗೆ ಹಡಗು ಎರಡು ಮಾರು ದಕ್ಷಿಣಕ್ಕೆ ಸರಿಯಿತೆಂದು ಮರಿಸೆಲ್ ಇಂದಿಗೂ ಆಣೆ ಹಾಕುತ್ತಾಳೆ.

"ಧಬ್ ಧಬ್ ಅನ್ನಾಕತ್ತೈತಿ, ಏನದು?" ಶಂಕ್ರಮ್ಮನ ದನಿ ಮತ್ತೆ ಬಂತು.

"ನನ್ನ ಬೆನ್ನವ್ವಾ. ಕೂಸಿಗೆ ಕೇಳಿಸ್ತೇನ?"

"ಕೇಳಿಸ್ತು. ಬೆರಳ ಚೀಪೋದು ಬಿಟ್ಟು ಕಣ್ಣ ತಿರುಗಿಸಿ ಹುಡುಕಾಕತ್ತೈತಿ. ಪಾರ್ವತೆಮ್ಮ ನನ್ನ ಕೂಡ ಮಾತ ಬಿಟ್ಟಾಳ." ಶಂಕ್ರಮ್ಮ ದನಿ ತಗ್ಗಿಸಿದಳು. "ನೋವಾತೇನ?"

"ಭಾಳ ನೋವಾತು," ಎಂದಳು ದಾನೇಶ್ವರಿ. ಕಣ್ಣಲ್ಲಿ ನೀರು, ಬಾಯ್ತುಂಬ ನಗು.

"ಆಗ್ಲಿ ಬಿಡು. ನಾ ಅಲ್ಲಿದ್ರ ಇನ್ನೂ ಜೋರ್ ಹೊಡೀತಿದ್ದೆ."