ಮೂರನೇ ಮಹಡಿಯ ಕೊಸರು

ನಮ್ಮ ಬಾಗ್‌ಬಜಾರಿನ ಓಣಿಗೆಲ್ಲ ಅತ್ತಿಗೆಯಾದ ತರುಲತಾ ಬೌದಿಗೆ ಫುಚ್ಕಾ ಎಂದರೆ ಪ್ರಾಣ. ಅದನ್ನು ಪಾನಿಪೂರಿ ಎಂದವರ ಜೊತೆ ಅವರು ಎರಡು ದಿನ ಮಾತು ಬಿಡುತ್ತಾರೆ; ನನ್ನ ಜೊತೆಯೂ ಬಿಟ್ಟಿದ್ದರು. ಮೂವತ್ತೊಂದು ವರ್ಷದಿಂದ ಸಂಜೆ ಐದಾಯಿತೆಂದರೆ ಮೂರು ಮಹಡಿ ಇಳಿದು ಜಗರೂಪನ ಗಾಡಿಯ ಮುಂದೆ ಹಾಜರ್. ಹತ್ತು ತಿಂದು, ಎಲೆಯ ದೊನ್ನೆಯನ್ನು ಮತ್ತೆ ಚಾಚುವುದು ಕೊಸರಿಗೆ. ಕೊಸರು ಕೇಳದೆ ಹೋದರೆ ರುಚಿಸಲಿಲ್ಲ ಎಂದೇ ಲೆಕ್ಕ. "ಹೀಗಾದ್ರೆ ನಾನು ಗಾಡಿ ಮಾರ್ಕೊಂಡು ಊರಿಗೆ ಹೋಗ್ಬೇಕಾಗುತ್ತೆ, ಬೌದಿ" ಎಂದು ಗೊಣಗುತ್ತಲೇ ಜಗರೂಪ ದೊಡ್ಡದನ್ನು ಆರಿಸಿ ಹಾಕುತ್ತಿದ್ದ.

ಈ ಆಷಾಢದಲ್ಲಿ ಬೌದಿಯ ಮಂಡಿಗೆ ಆಪರೇಷನ್ ಆಯಿತು. ಮೂರು ತಿಂಗಳು ಮೆಟ್ಟಿಲು ಇಳಿಯುವಂತಿಲ್ಲ. ಕೆಳಗಿನ ಮನೆಯ ನಾನು ಪೊಟ್ಟಣ ಕಟ್ಟಿಸಿಕೊಂಡು ಓಡಿದೆ. ಮೇಲೆ ಹತ್ತುವಷ್ಟರಲ್ಲಿ ಎಲ್ಲ ಮೆತ್ತಗಾಗಿತ್ತು. ಬೌದಿ ಒಂದು ಕಚ್ಚಿ ತಟ್ಟೆ ಸರಿಸಿದರು.

"ಕರುಂ ಅನ್ನದ್ದು ಎಂಥ ಫುಚ್ಕಾ? ನಾನೇ ಮಾಡ್ತೀನಿ. ಭಾನುವಾರ ಜಗರೂಪನ್ನ ಕರಿ. ಅವನು ನನ್ನ ಹತ್ರ ಕೊಸರು ಕೇಳ್ಬೇಕು, ನೋಡ್ತಿರು."

ನನಗಂತೂ ಖುಷಿಯೋ ಖುಷಿ. ಭಾನುವಾರ ಹುಣಸೆ ಕಿವುಚಿದ್ದು ನಾನೇ. ಅದಕ್ಕೆ ಹುರಿದ ಜೀರಿಗೆ, ಕಪ್ಪುಪ್ಪು, ಹಸಿಮೆಣಸು ಬಿದ್ದು, ಮೇಲೆ ಗಂಧರಾಜ ನಿಂಬೆಯ ಸಿಪ್ಪೆ ತುರಿದಾಗ ಮನೆಯೆಲ್ಲ ಘಮ್ಮೆಂದಿತು. ಆಲೂಗಡ್ಡೆ, ಕಡಲೆಕಾಳು ಬೆಂದು ಕಾಯುತ್ತಿದ್ದವು. ಮೊದಲ ಪೂರಿ ಎಣ್ಣೆಯಲ್ಲಿ ಉಬ್ಬಿತು, ನಾನು ಚಪ್ಪಾಳೆ ತಟ್ಟಿದೆ. ತಟ್ಟೆಗೆ ಹಾಕಿದ್ದೇ ತಡ, ಕುಸಿದು ಕೂತಿತು. ಎರಡನೇ ಸಲ ಹಿಟ್ಟು ಕಲಸಿದರೂ ಅದೇ ಹಣೆಬರಹ. ಬೌದಿಯ ಕಣ್ಣು ತುಂಬಿತು. ಅಷ್ಟರಲ್ಲಿ ಜಗರೂಪ ಬಂದೇಬಿಟ್ಟ.

ಒಂದನ್ನು ಎತ್ತಿ ಬೆರಳಲ್ಲಿ ಹಿಚುಕಿ ನೋಡಿದ. "ಹಿಟ್ಟಿಗೆ ತುಪ್ಪ ಹಾಕಿದ್ರಾ, ಬೌದಿ?"

"ಹಾಕದೆ ಮತ್ತೆ?"

ಬಂಗಾಳಿ ಕೈ ಅದು. ಹಿಟ್ಟು ಕಂಡ ತಕ್ಷಣ ಮೆತ್ತನೆಯ ಲುಚಿ ಪೂರಿಗೆ ಉಜ್ಜುವ ಹಾಗೆ ತುಪ್ಪ ಉಜ್ಜಿಬಿಟ್ಟಿದೆ! ತುಪ್ಪ ಬಿಟ್ಟು, ರವೆ ಹೆಚ್ಚಿಸಿ, ಗಟ್ಟಿಯಾಗಿ ನಾದಲು ಹೇಳಿ ಜಗರೂಪ ಸುಮ್ಮನೆ ಕುರ್ಚಿಯಲ್ಲಿ ಕೂತ. ನಾನು ಎಷ್ಟು ಕರೆದರೂ ಹಿಟ್ಟಿಗೆ ಕೈ ಹಾಕಲಿಲ್ಲ.

ಒದ್ದೆ ಬಟ್ಟೆಯಡಿ ಹಿಟ್ಟು ನೆನೆಯುವ ಆ ಅರ್ಧ ಗಂಟೆ ನಾನು ಬಾಗಿಲಿಂದ ಒಲೆಗೆ ಎಷ್ಟು ಸಲ ಓಡಾಡಿದೆನೋ! ಮೂರನೇ ಸಲದ ಪೂರಿ ಗುಂಡಗೆ, ಕೆಂಪಗೆ ಎದ್ದಿತು. ಆರಿದ ಮೇಲೂ ಕುಸಿಯಲಿಲ್ಲ. ಬೌದಿ ಉಗುರಿನಿಂದ ತಟ್ಟಿದರು, ಟಕ್ ಟಕ್. ನಾನು ಕುಣಿದೇಬಿಟ್ಟೆ.

ಜಗರೂಪ ದೊನ್ನೆ ಹಿಡಿದು ನಿಂತ. ಬೌದಿ ಕೂತಲ್ಲೇ ಹೆಬ್ಬೆರಳಿಂದ ಪೂರಿ ಒಡೆದು, ತುಂಬಿ, ಹುಳಿನೀರಲ್ಲಿ ಮುಳುಗಿಸಿ ಒಂದೊಂದೇ ಹಾಕಿದರು. ಕರುಂ, ಕರುಂ. ಹತ್ತು ಮುಗಿಯಿತು. ಹೆಗಲ ಮೇಲಿನ ಬಟ್ಟೆಯಿಂದ ಬಾಯಿ ಒರೆಸಿಕೊಂಡು ಬಾಗಿಲ ಬಳಿ ಚಪ್ಪಲಿ ಹುಡುಕಿದ. ಬೌದಿಯ ಮುಖ ಸಪ್ಪಗಾಯಿತು. ನನಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಒಂದು ಚಪ್ಪಲಿ ಮೆಟ್ಟಿದವನು ಅದನ್ನು ಅಲ್ಲೇ ಬಿಟ್ಟು ತಿರುಗಿ ಬಂದ. ಖಾಲಿ ದೊನ್ನೆಯನ್ನು ಎರಡೂ ಕೈಯಲ್ಲಿ ಚಾಚಿದ. "ಬೌದಿ, ನನ್ನ ಕೊಸರು?"

"ಹೀಗಾದ್ರೆ ನಾನು ಮನೆ ಮಾರ್ಕೊಂಡು ಊರಿಗೆ ಹೋಗ್ಬೇಕಾಗುತ್ತೆ, ಜಗರೂಪ" ಎಂದು ಗೊಣಗುತ್ತ, ಬೌದಿ ಕಣ್ಣೊರೆಸಿಕೊಂಡು ಬುಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹುಡುಕತೊಡಗಿದರು.