ತ್ರಿಪುರಸುಂದರಿಯ ಕೊಸರು ಯುದ್ಧ

ತ್ರಿಪುರಸುಂದರಿ ಮೈಸೂರಿನ ಮಾರುಕಟ್ಟೆಗೆ ಕಾಲಿಟ್ಟಳೆಂದರೆ ಸೊಪ್ಪಿನವರು ಸೆರಗು ಬಿಗಿದು ಕೂರುತ್ತಿದ್ದರು. ವ್ಯಾಪಾರ ಮುಗಿದರೂ ಆಕೆಯ ಚೀಲ ಬಾಯಿ ಮುಚ್ಚುತ್ತಿರಲಿಲ್ಲ. "ಕೊಸರೆಲ್ಲಿ?" ಎಂಬ ರಣಕಹಳೆ ಮೊಳಗುತ್ತಿತ್ತು. ಕೊಂಡ ತರಕಾರಿಯ ಮೇಲೆ ನಾಲ್ಕೆಳೆ ಕೊತ್ತಂಬರಿ ಸೊಪ್ಪು ಪುಕ್ಕಟೆ ಬೀಳುವ ತನಕ ಆಕೆ ಕದಲುವವಳಲ್ಲ. ಸೊಪ್ಪಿನವಳು ಬೈಯುವಳು, ಈಕೆಯೂ ಬೈಯುವಳು. ಯಾವುದಕ್ಕೂ ಬಗ್ಗದಿದ್ದರೆ ಕೊನೆಯ ಬ್ರಹ್ಮಾಸ್ತ್ರ: "ನಿನ್ನ ಸಹವಾಸವೇ ಬೇಡ" ಎಂದು ಹೊರಟುಬಿಡುವುದು. ಹಿಂದಿನಿಂದ "ಬಾರವ್ವ, ತಗಂಡೋಗು" ಎಂಬ ಕೂಗು ಬಂದೇ ಬರುತ್ತಿತ್ತು. ಆಮೇಲೆ ಇಬ್ಬರೂ ಅಲ್ಲೇ ನಿಂತು ಮಂಡಿನೋವಿನ ವಿಷಯ ಮಾತಾಡುತ್ತಿದ್ದರು.

ಇಂಥ ವೀರಮಹಿಳೆ, ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವಳು, ನಲವತ್ತು ದಾಟಿದ ಮೇಲೆ ವಿನಿಮಯ ಯೋಜನೆಯಲ್ಲಿ ಆಯ್ಕೆಯಾಗಿ ಒಂದು ವರ್ಷದ ಮಟ್ಟಿಗೆ ಮತ್ತೆ ವಿದ್ಯಾರ್ಥಿನಿಯಾಗಿ ನ್ಯೂಜೆರ್ಸಿಗೆ ಬಂದಳು. ಅದು ೧೯೭೧. ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಕ್ಯಾರೆಟ್ಟುಗಳು ಪ್ಲಾಸ್ಟಿಕ್ಕಿನೊಳಗೆ ಉಸಿರು ಕಟ್ಟಿ ಮಲಗಿದ್ದವು. ಜಗಳವಾಡುವುದು ಯಾರೊಡನೆ? ಒಂದು ದಿನ ತಡೆಯಲಾರದೆ, ಕೌಂಟರಿನ ಹುಡುಗಿಯ ಕಣ್ಣೆದುರೇ ಒಂದು ನಿಂಬೆಹಣ್ಣನ್ನು ಕೊಸರೆಂದು ಚೀಲಕ್ಕೆ ಹಾಕಿಕೊಂಡಳು. ಹುಡುಗಿ ಬೈಯಲಿಲ್ಲ. ಮುಗುಳ್ನಕ್ಕು ಮ್ಯಾನೇಜರನ್ನು ಕರೆದಳು. ಅವನೂ ಮುಗುಳ್ನಕ್ಕು, ನಿಂಬೆಹಣ್ಣನ್ನು ತೆಗೆದು ಪಕ್ಕಕ್ಕಿಟ್ಟು, "ಹ್ಯಾವ್ ಎ ನೈಸ್ ಡೇ" ಅಂದ. ಅಷ್ಟು ದೊಡ್ಡ ಸೋಲನ್ನು ಸುಂದರಿ ಜನ್ಮದಲ್ಲಿ ಕಂಡಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ, ಮನೆ ಹಂಚಿಕೊಂಡಿದ್ದ ಧಾರವಾಡದ ಹುಡುಗಿ ಭಾನುಮತಿಗೆ ಹೇಳಿದಳು: "ಈ ದೇಶದಲ್ಲಿ ನನ್ನನ್ನ ಯಾರೂ ಬೈಯೋದೇ ಇಲ್ವಲ್ಲೇ ಭಾನು."

"ನಾ ಬೈಲೇನ್ರೀ ಅಕ್ಕಾ? ಇವತ್ತ ಪಾತ್ರಿ ತೊಳಿಯೋ ಪಾಳಿ ನಿಮ್ದಿತ್ತು."

ಸುಂದರಿ ನಗಲಿಲ್ಲ. ಒಂದೇ ಒಂದು ಸಲ ಯಾರಾದರೂ ಬೈದು, ಹಿಂದಕ್ಕೆ ಕರೆದು, ಒಂದೆಳೆ ಸೊಪ್ಪು ಕೊಟ್ಟರೆ ಈ ಊರಲ್ಲೂ ತಾನು ಯಾರೋ ಒಬ್ಬಳು ಎನ್ನಿಸೀತು ಎಂದು ಆಕೆಗೆ ಆಸೆ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ ಬಂತು. ಅಮೆರಿಕದ ಹುಡುಗಿಯರೆಲ್ಲ ಅವರವರ ಮನೆ ಸೇರಿದರು. ಆಗ ತೈವಾನಿನಿಂದ ಓದಲು ಬಂದಿದ್ದ ಗೆಳತಿ ಲಿನ್, "ನಡೀರಿ, ಚೀನಾಕ್ಕೆ ಹೋಗಿಬರೋಣ" ಅಂದಳು. ನ್ಯೂಯಾರ್ಕಿನ ಚೈನಾಟೌನಿಗೆ ಆಕೆ ಇಟ್ಟ ಹೆಸರದು. ನಿಜವಾದ ಚೀನಾವನ್ನು ಕ್ರಾಂತಿಯ ಕಾಲಕ್ಕೆ ಅಮ್ಮನ ಬೆನ್ನ ಮೇಲೆ ಕೂತು ಬಿಟ್ಟುಬಂದವಳು. ಈಗ ಹೋಗುತ್ತೇನೆಂದರೂ ಬಾಗಿಲು ಮುಚ್ಚಿತ್ತು.

ಹೀಗೆ ಮೂವರ ದಂಡು ಬಸ್ಸು ಹತ್ತಿ ಚೀನಾದ ಮೇಲೆ ಏರಿಹೋಯಿತು.

ಓಣಿಗೆ ಕಾಲಿಟ್ಟದ್ದೇ ಸುಂದರಿ ನಿಂತುಬಿಟ್ಟಳು. ಫುಟ್‌ಪಾತಿನ ಮೇಲೆ, ಬಿಚ್ಚಿದ ರಟ್ಟಿನ ಪೆಟ್ಟಿಗೆಗಳಲ್ಲಿ, ಮಣ್ಣು ಮೆತ್ತಿದ ಶುಂಠಿ, ಬೂದುಗುಂಬಳದ ಹೋಳು, ಒದ್ದೆ ಗೋಣಿಯ ಮೇಲೆ ಸಾಕ್ಷಾತ್ ಕೊತ್ತಂಬರಿ ಸೊಪ್ಪು! ಹಿಂದೆ ಹತ್ತಿ ತುಂಬಿದ ಕೋಟು ತೊಟ್ಟ ಅಜ್ಜಿಯೊಬ್ಬಳು ಗಂಟುಮೋರೆ ಹಾಕಿಕೊಂಡು ಕೂತಿದ್ದಳು. ಆಹಾ, ಎಂಥ ಗಂಟುಮೋರೆ!

ಲಿನ್ ಮುಂದೆ ಹೋಗಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಅಜ್ಜಿ ತಲೆಯಾಡಿಸಿ ಬೇರೆಯೇ ಭಾಷೆಯಲ್ಲಿ ಏನೋ ಅಂದಳು.

"ಇವರದು ದಕ್ಷಿಣದ ಕ್ಯಾಂಟನಿನ ಮಾತು. ನನಗೆ ಒಂದಕ್ಷರ ತಿಳಿಯದು," ಅಂದಳು ಲಿನ್. ಮುಖ ಸಣ್ಣಗಾಗಿತ್ತು.

"ಬಿಡು, ನನಗೆ ತಿಳಿಯುತ್ತೆ," ಎಂದು ಸುಂದರಿ ಕತ್ತಿನ ಮಫ್ಲರು ತೆಗೆದಿಟ್ಟು ಸೆರಗು ಸಿಕ್ಕಿಸಿದಳು.

ಕುಂಬಳದ ಹೋಳು ಕೊಂಡಳು. ಆಮೇಲೆ ಕೊತ್ತಂಬರಿಯತ್ತ ಬೆರಳು ತೋರಿಸಿ ಅಚ್ಚ ಮೈಸೂರು ಕನ್ನಡದಲ್ಲೇ ಶುರುಮಾಡಿದಳು: "ಏನಜ್ಜಿ, ಇಷ್ಟು ದೂರದಿಂದ ಬಂದಿದೀನಿ, ಒಂದೆಳೆ ಕೊಸರು ಹಾಕ್ಬಾರ್ದಾ?" ಅಜ್ಜಿ ಕೈ ಬೀಸಿ ಗದರಿದಳು. ಸುಂದರಿಗೆ ರೋಮಾಂಚನ. ಅಜ್ಜಿ ಇನ್ನೂ ಗಟ್ಟಿಯಾಗಿ ಗದರಿದಳು.

"ಬೈಯಾಕತ್ಯಾಳ್ರೀ ಅಕ್ಕಾ!"

"ಹೂಂ ಕಣೇ! ಎಷ್ಟು ಚೆನ್ನಾಗಿ ಬೈತಾಳೆ ನೋಡು!"

ಇನ್ನುಳಿದದ್ದು ಬ್ರಹ್ಮಾಸ್ತ್ರ. "ನಿನ್ನ ಸಹವಾಸವೇ ಬೇಡ," ಎಂದು ಸುಂದರಿ ತಿರುಗಿ ನಡೆದಳು.

ನಡೆದದ್ದೇನೋ ನಿಜ, ಕಾಲು ಮಾತ್ರ ಮುಂದೆ ಸಾಗಲೊಲ್ಲದು. ಪಕ್ಕದ ಅಂಗಡಿಯ ಗಾಜಿನ ಹಿಂದೆ ಸುಟ್ಟ ಬಾತುಕೋಳಿಗಳು ಸಾಲಾಗಿ ನೇತಾಡುತ್ತಿದ್ದವು. ಈರುಳ್ಳಿಯನ್ನೇ ಮೂವತ್ತರ ನಂತರ ಮುಟ್ಟಿದ್ದ ಮಡಿವಂತರ ಮನೆಯ ಮಗಳು, ಉಸಿರು ಬಿಗಿಹಿಡಿದು, ಅವನ್ನೇ ಕೊಳ್ಳಲು ಬಂದವಳಂತೆ ನೋಡುತ್ತ ನಿಂತಳು. ಕಿವಿಯೆಲ್ಲ ಹಿಂದಕ್ಕೆ. ಕೂಗಿಲ್ಲ. ಇಲ್ಲಿ ಯಾರು ಯಾರನ್ನು ಕರೆಯುತ್ತಾರೆ? ಕಣ್ಣು ಮಂಜಾಯಿತು. ಬಾತುಕೋಳಿಗಳು ಅದನ್ನು ತಪ್ಪು ತಿಳಿದಿರಬೇಕು.

ಆಗ ಹಿಂದಿನಿಂದ ಓಣಿಯೇ ನಡುಗುವಂಥ ಕೂಗು! ಸುಂದರಿ ಓಡಿಬಂದಳು. ಅಜ್ಜಿಯ ಕೈಯಲ್ಲಿದ್ದದ್ದು ಕೊತ್ತಂಬರಿಯಲ್ಲ. ಕುಂಬಳದ ಪಕ್ಕ ಸುಂದರಿ ಮರೆತುಬಂದಿದ್ದ ಉಣ್ಣೆಯ ಮಫ್ಲರು.

ಸುಂದರಿ ಮಫ್ಲರಿಗೆ ಕೈಚಾಚಲಿಲ್ಲ. ಸೊಪ್ಪನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಮತ್ತೆ ಸೊಪ್ಪನ್ನು ನೋಡಿದಳು. ಅಜ್ಜಿ ಆಕೆಯ ಒದ್ದೆ ಕಣ್ಣನ್ನೇ ದಿಟ್ಟಿಸಿ, ಏನೋ ಗೊಣಗಿ, ಕಂತೆಯಿಂದ ನಾಲ್ಕೆಳೆ ಕಿತ್ತು, ಮಫ್ಲರಿನಲ್ಲಿ ಸುತ್ತಿ ಆಕೆಯ ಎದೆಗೆ ತಳ್ಳಿದಳು. ತಳ್ಳಿದ ರಭಸಕ್ಕೆ ಸುಂದರಿ ಒಂದು ಹೆಜ್ಜೆ ಹಿಂದೆ ಸರಿದಳು.

ವಾಪಸ್ಸು ಬರುವಾಗ ಬಸ್ಸೆಲ್ಲ ಘಮಘಮ.

"ಮಜ್ಜಿಗೆಹುಳಿಗೆ ಹಾಕೂಣೇನ್ರೀ?" ಎಂದಳು ಭಾನುಮತಿ.

"ಮುಟ್ಟಿದರೆ ನೋಡು."

ಲಿನ್ ಕಿಟಕಿಯಾಚೆ ನೋಡುತ್ತಿದ್ದಳು. "ನಿಮ್ಮನ್ನಾದರೂ ಕರೆದಳಲ್ಲ," ಎಂದಳು ಮೆಲ್ಲಗೆ. ಸುಂದರಿ ಮಫ್ಲರು ಬಿಚ್ಚಿ, ಎರಡೆಳೆ ತೆಗೆದು ಆಕೆಯ ಅಂಗೈಯಲ್ಲಿಟ್ಟಳು. ಕೊಸರನ್ನು ಹಂಚಿಕೊಂಡದ್ದು ಆಕೆಯ ಯುದ್ಧಚರಿತ್ರೆಯಲ್ಲೇ ಮೊದಲು.

ಉಳಿದೆರಡೆಳೆ ಮೇಜಿನ ಮೇಲೆ, ಲೋಟದ ನೀರಿನಲ್ಲಿ ಹಳದಿಯಾಗುವ ತನಕ ನಿಂತಿದ್ದವು. ಮಫ್ಲರನ್ನಂತೂ ಚಳಿ ಕಳೆಯುವವರೆಗೆ ಒಗೆಯಲು ಸುಂದರಿ ಯಾರಿಗೂ ಬಿಡಲಿಲ್ಲ.